ಎರ್ಲೆನ್‌ಬೆಕ್‌ನ ಇಬ್ಬರು

ಆಗೆಲ್ಲ ಡಿಯರ್‌ಬಾರ್ನಿನಲ್ಲಿ ಕನ್ನಡದ ಮನೆಗಳು ಅಲ್ಲೊಂದು ಇಲ್ಲೊಂದು. ನಮ್ಮ ಒಗ್ಗರಣೆಯಲ್ಲಿ ಸಾಸಿವೆ ಸಿಡಿದರೆ ಬೀದಿಯವರೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದ ಎಪ್ಪತ್ತರ ದಶಕ. ಕಾರು ಕಂಪನಿಯ ಎಂಜಿನಿಯರಾಗಿದ್ದ ಅಪ್ಪನಿಗೊಂದು ಚಾಳಿ: ಯಾರೇ ಸಿಗಲಿ, ಎರಡನೇ ಮಾತಿಗೆ "ನಿಮ್ಮ ಊರು ಯಾವುದು?" ಮೈಸೂರಿನಲ್ಲಿ ಕಲಿತದ್ದು, ಮಿಷಿಗನ್ನಿಗೆ ಬಂದರೂ ಬಿಡಲಿಲ್ಲ.

ಪಕ್ಕದ ಮನೆಯ ಹಿಲ್ಡಾ ಆಂಟಿ ಜರ್ಮನಿಯವರು. ಶಾಲೆ ಬಿಟ್ಟ ಮೇಲೆ, ಅಮ್ಮ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬರುವವರೆಗೆ, ನನಗೆ ಅವರ ಅಡುಗೆಮನೆಯೇ ಗತಿ. ದಾಲ್ಚಿನ್ನಿ ಘಮಘಮಿಸುವ ಸೇಬಿನ ಕೇಕು, ಇಸ್ಪೀಟು, ತಲೆ ಬಾಚುವ ಬೆಚ್ಚನೆಯ ಕೈ. ನನ್ನ ಅಜ್ಜಿಯರಿಬ್ಬರೂ ಸಮುದ್ರದಾಚೆ ಇದ್ದರು; ನನಗೆ ಅವರೇ ಅಜ್ಜಿ. ಅವರ ಊರು ಎರ್ಲೆನ್‌ಬೆಕ್, ಚಿಕ್ಕದು. ಒಂದು ಚರ್ಚು, ಅವರಪ್ಪನ ಇಟ್ಟಿಗೆ ಗೂಡು. "ಯುದ್ಧ ನಮ್ಮೂರಿನ ಹತ್ತಿರವೂ ಸುಳಿಯಲಿಲ್ಲ" ಎನ್ನುತ್ತಿದ್ದರು.

ಒಂದು ಸಂಜೆ ಅಪ್ಪ ಆಫೀಸಿನಿಂದ ಕುಣಿಯುತ್ತಲೇ ಬಂದರು. ಜೊತೆಗೆ ಕೆಲಸ ಮಾಡುವ ಪೋಲೆಂಡಿನ ಮಾರೆಕ್ ಅಂಕಲ್ ಹುಡುಗನಾಗಿದ್ದಾಗ ಅದೇ ಎರ್ಲೆನ್‌ಬೆಕ್‌ನಲ್ಲಿದ್ದರಂತೆ.

"ಕೇಳಿದೆಯೇನೇ? ಒಂದೇ ಊರಿನವರು! ಯುಗಾದಿಗೆ ಇಬ್ಬರನ್ನೂ ಊಟಕ್ಕೆ ಇನ್ವೈಟ್ ಮಾಡ್ತೀನಿ."

"ಪೋಲೆಂಡಿನವರು ಅಲ್ಲಿಗ್ಯಾಕೆ ಹೋಗಿದ್ರು ಅಂತ ಕೇಳಿದ್ರಾ?" ಅಂದಳು ಅಮ್ಮ.

"ಊರು ಅಂದ್ಮೇಲೆ ಊರು ಕಣೇ. ಅದರಲ್ಲಿ ಕೇಳೋದೇನಿದೆ?"

ಯುಗಾದಿಯ ಭಾನುವಾರ ಹೋಳಿಗೆ ಬಡಿಸಿದ್ದಷ್ಟೇ. ಅಪ್ಪ ಹೆಮ್ಮೆಯಿಂದ ಪರಿಚಯ ಮಾಡಿಸಿದರು. ಮಾರೆಕ್ ಅಂಕಲ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಇಟ್ಟಿಗೆ ಗೂಡಿನ ಮನೆಯವರಲ್ಲವೇ ನೀವು? ಯುದ್ಧದ ಕಾಲದಲ್ಲಿ ನನ್ನನ್ನೂ ಅಣ್ಣನನ್ನೂ ಹಿಡಿದು ತಂದು ದುಡಿಸಿದ್ದು ಅಲ್ಲೇ. ಅಣ್ಣನನ್ನು ಹೊಡೆದು ಕೊಂದದ್ದೂ ಅಲ್ಲೇ."

"ನನಗೇನು ಗೊತ್ತು? ನಾನಾಗ ಇನ್ನೂ ಮಗು" ಅಂದರು ಹಿಲ್ಡಾ ಆಂಟಿ.

"ಮಗುವಾಗಿದ್ದದ್ದು ನಾನು. ನಿಮ್ಮ ಬೆರಳಲ್ಲಿ ಆಗಲೇ ಮದುವೆಯ ಉಂಗುರವಿತ್ತು. ನಾಯಿಗೆ ಹಾಕಿದ ಬ್ರೆಡ್ಡನ್ನು ಅಣ್ಣ ಎತ್ತಿಕೊಂಡನೆಂದು ಕಾವಲಿನವನಿಗೆ ಹೇಳಿದ್ದೇ ನೀವು."

ಇಲ್ಲ ಎನ್ನುತ್ತಾರೆಂದು ನಾನು ಕಾದೆ. ಅವರು ಹಾಗೆನ್ನಲಿಲ್ಲ.

"ಅದು ನಮ್ಮ ನಾಯಿಯ ಬ್ರೆಡ್ಡು" ಅಂದರು.

ಮಾರೆಕ್ ಅಂಕಲ್ ಎದ್ದು ಹೋದರು. ಅಪ್ಪ ತುಪ್ಪದ ಮಿಳ್ಳೆ ಹಿಡಿದು ನಿಂತೇ ಇದ್ದರು. ಏನೂ ವಿಚಾರಿಸದೆ ಇಬ್ಬರನ್ನೂ ಕರೆದ ಅವರ ಮೇಲೂ ನನಗೆ ಸಿಟ್ಟು ಉಕ್ಕಿತು.

ಮರುದಿನ ಹಿಲ್ಡಾ ಆಂಟಿ ಏನೂ ಆಗದವರಂತೆ ಬಾಗಿಲಲ್ಲಿ ನಿಂತು ಕರೆದರು. ಹೋಗಬೇಡವೆಂದು ನನಗೆ ಯಾರೂ ಹೇಳಿರಲಿಲ್ಲ. ಆದರೂ ಅಮ್ಮ ಬರುವವರೆಗೆ ನಮ್ಮ ಮೆಟ್ಟಿಲ ಮೇಲೆ ಚಳಿಯಲ್ಲೇ ಕೂತೆ, ತಿರುಗಿಯೂ ನೋಡಲಿಲ್ಲ.

ವಯಸ್ಸಾದಂತೆ ಕ್ಷಮೆ ತಾನಾಗಿ ಬರುತ್ತದೆ ಅನ್ನುತ್ತಾರೆ. ನನಗೆ ಬಂದಿಲ್ಲ, ಬರುವುದೂ ಬೇಡ. ಉಳಿದವರ ಅಜ್ಜಿಯರು ಸತ್ತು ದೂರವಾದರು. ನನ್ನ ಈ ಅಜ್ಜಿ ಒಂದು ಹಬ್ಬದೂಟದಲ್ಲಿ ಹೋದಳು; ಆಮೇಲೂ ಬಹಳ ವರ್ಷ ಪಕ್ಕದ ಮನೆಯಲ್ಲೇ ಬದುಕಿದಳು.