ಜ್ವರಕ್ಕೆ ಕೂತವಳು

ನಮ್ಮ ಮನೆಯ ಟಿವಿ ರಿಮೋಟಿಗೆ ಸಾರಿನ ಪುಡಿಯ ವಾಸನೆ. ಕಾರಣ ನಾನೇ, ಒಪ್ಪಿಕೊಂಡುಬಿಡುತ್ತೇನೆ. ಮಗಳ ಕೈಗೆ ಸಿಗದಿರಲೆಂದು ಅದನ್ನು ಸಾರಿನ ಪುಡಿಯ ಡಬ್ಬದಲ್ಲಿ ಬಚ್ಚಿಟ್ಟಿದ್ದೆ. ಎರಡೇ ದಿನದಲ್ಲಿ ಹುಡುಕಿ ತೆಗೆದವರು ಮಾತ್ರ ನನ್ನ ಅತ್ತೆ. ಧಾರಾವಾಹಿಯ ಹೊತ್ತಿಗೆ ಅವರ ಮೂಗು ಬಲು ಚುರುಕು.

ಬಚ್ಚಿಡುವ ಮಟ್ಟಕ್ಕೆ ನಾನು ಇಳಿದದ್ದು ಮಗಳ ಟೀಚರ್ ಕರೆಸಿ ಹೇಳಿದ ಮೇಲೆ. "ಚಿನ್ಮಯಿ ಪಾಠ ಚೆನ್ನಾಗಿ ಒಪ್ಪಿಸ್ತಾಳೆ ಮೇಡಂ. ಆದ್ರೆ ತೆಗೆದಿಟ್ಕೊಂಡಿದ್ದು ನವಿಲಿನ ಪಾಠ, ಒಪ್ಪಿಸಿದ್ದು ಆಮೆ ಪಾಠ." ಬರೀ ಕಿವಿಯ ಬಲದಿಂದಲೇ ಹುಡುಗಿ ಮೂರನೇ ಕ್ಲಾಸಿನವರೆಗೆ ಬಂದಿದ್ದಳು! ಟೀಚರ್ ಮುಂದೆ ನಗು ಬಂತು. ಚಿಕ್ಕಬಳ್ಳಾಪುರದ ಬಿಸಿಲಲ್ಲಿ ಮನೆಗೆ ನಡೆದು ಬರುವಾಗ ಭಯವಾಯಿತು.

ಟಿವಿ ಮುಂದೆ ಅವಳು ಕೂರುವ ಚಂದ ನೋಡಬೇಕು. ಕತ್ತು ಮೇಲಕ್ಕೆ, ಬಾಯಿ ಅರ್ಧ ತೆರೆದು, ತುತ್ತು ಕೈಯಲ್ಲೇ ಒಣಗಿ. ಅತ್ತೆ ಶಿಡ್ಲಘಟ್ಟದ ಕಡೆಯವರು, ರೇಷ್ಮೆ ಹುಳು ಸಾಕಿದ ಕೈ. "ನೋಡಮ್ಮ, ನಿನ್ನ ಮಗಳು ಜ್ವರಕ್ಕೆ ಕೂತವ್ಳೆ" ಎಂದರು ಒಂದು ದಿನ. ಕಾನ್ವೆಂಟಿನಲ್ಲಿ ಓದಿದ ನಾನು ಓಡಿಹೋಗಿ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಅತ್ತೆ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ಹುಳುವಿಗೆ ಜ್ವರವೆಂದರೆ ಕಾಯಿಲೆಯಲ್ಲವಂತೆ. ಪೊರೆ ಬಿಡುವ ಮುಂಚೆ ಅದು ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ಗೂಡು ಕಟ್ಟುವ ಮೊದಲು ಹೀಗೆ ನಾಲ್ಕು ಸಲ. "ಆಗ ಅದನ್ನ ಮುಟ್ಟಬಾರ್ದು ಕಣಮ್ಮ. ಎದ್ದ ಮೇಲೆ ನೋಡು, ಸೊಪ್ಪು ಹಾಕಿ ಹಾಕಿ ಸಾಕಾಗೋಗ್ತದೆ."

ಹುಳುವೇನೋ ಜ್ವರದಿಂದ ಬೆಳೆದು ಏಳುತ್ತದೆ. ನನ್ನ ಮಗಳು? ಕಾರ್ಟೂನು ಮುಗಿದಾಗ "ಕಥೇಲಿ ಏನಾಯ್ತಮ್ಮ?" ಎಂದರೆ, "ಗೊತ್ತಿಲ್ಲ, ಚೆನ್ನಾಗಿತ್ತು" ಎಂದು ಎದ್ದಳು. ಅತ್ತೆಯ ಧಾರಾವಾಹಿಯನ್ನೂ ವಿಚಾರಿಸಿದೆ. "ಏನಾಗ್ತದೆ, ನಿನ್ನೇದೇ" ಎಂದರು.

ಸರಿ, ದಿನಾ ಸಂಜೆ ನಾನೇ ಒಂದು ಕಥೆ ಓದುವುದೆಂದು ನಿಶ್ಚಯಿಸಿದೆ. ಬಯಲಾದದ್ದು ನನ್ನ ಬಂಡವಾಳ. ಕನ್ನಡ ಮಾತಾಡಿದರೆ ಬಾಗಿಲಾಚೆ ನಿಲ್ಲಿಸುತ್ತಿದ್ದ ಶಾಲೆ ನನ್ನದು. ಒತ್ತಕ್ಷರ ಕಂಡರೆ ಈಗಲೂ ಕಾಲು ತೊಡರುತ್ತದೆ. ಮೊದಲ ದಿನವೇ "ಆಶ್... ಆಶ್ಚ..." ಎಂದು ನಿಂತೆ.

"ಎಂಥಾ ಆಶ್ಚರ್ಯ! ಅಷ್ಟೂ ಗೊತ್ತಿಲ್ವಾ ಅಮ್ಮ?" ಎಂದಳು ಚಿನ್ಮಯಿ, ಕಾರ್ಟೂನಿನ ಕರಡಿಯ ದನಿಯಲ್ಲಿ.

ಹೇಳಿಕೊಳ್ಳಲು ನಾಚಿಕೆ, ಆ ಕರಡಿಯ ಕನ್ನಡ ನನ್ನದಕ್ಕಿಂತ ಶುದ್ಧ. ನಾನು ಬೈದುಕೊಂಡಿದ್ದ ಪೆಟ್ಟಿಗೆಯೇ ಅವಳ ಕಿವಿ ತುಂಬ ಪದ ತುಂಬಿಟ್ಟಿತ್ತು. ನನ್ನನ್ನು ತಿದ್ದಲು ಅವಳು ಅಕ್ಷರ ನೋಡಲೇಬೇಕಾಯಿತು, ಬೆರಳಿಟ್ಟು ತೋರಿಸಬೇಕಾಯಿತು. ಆಮೇಲಾಮೇಲೆ ಕೆಲವು ಕಡೆ ನಾನು ಬೇಕೆಂದೇ ತಡವರಿಸಿದೆ. ಎಲ್ಲಾ ಕಡೆ ಎಂದರೆ ನೀವು ನಂಬುವುದಿಲ್ಲ.

ನಿನ್ನೆ ಸಂಜೆ ಅವರೆಕಾಳು ಹಿತುಕುತ್ತಾ ನಡುಮನೆಯ ಕಡೆ ನೋಡಿದೆ. ಚಿನ್ಮಯಿ ಕತ್ತೆತ್ತಿ, ಬಾಯಿ ಅರ್ಧ ತೆರೆದು ಕೂತಿದ್ದಳು. ಮತ್ತೆ ಟಿವಿ ಎಂದು ಸಿಟ್ಟಿನಿಂದ ಎದ್ದುಹೋದೆ. ಟಿವಿ ಹಾಕಿರಲೇ ಇಲ್ಲ. ಮಡಿಲಲ್ಲಿ ಪುಸ್ತಕ, ಬೆರಳು ಒಂದು ಸಾಲಿನ ನಡುವೆ. ಗೋಡೆಯಲ್ಲಿ ಅವಳಿಗೆ ಏನು ಕಾಣುತ್ತಿತ್ತೋ, ನನಗೆ ಸುಣ್ಣವಷ್ಟೇ ಕಂಡಿತು.

ಕರೆಯಲು ಬಾಯಿ ತೆರೆದೆ. ಪಕ್ಕದ ಕುರ್ಚಿಯಿಂದ ಅತ್ತೆ ತುಟಿಯ ಮೇಲೆ ಬೆರಳಿಟ್ಟರು. ಅವರ ಧಾರಾವಾಹಿಯ ಹೊತ್ತು ಆಗಲೇ ಮೀರಿತ್ತು. ಸಾರಿನ ವಾಸನೆಯ ರಿಮೋಟು ಅವರ ಮಡಿಲಲ್ಲಿ ಸುಮ್ಮನೆ ಮಲಗಿತ್ತು.