ಮುನಿಶಾಮಣ್ಣನ ಕೆಮ್ಮು

ಮುನಿಶಾಮಣ್ಣ ಗುಟ್ಟು ಹೇಳಿದರೆ ಅದು ಬೀದಿಯಾಚೆ ನಿಂತ ಜಟಕಾ ಕುದುರೆಗೂ ಕೇಳುತ್ತಿತ್ತು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಅವನ ಕೆಲಸ; ಹರಾಜಾದ ಗೂಡನ್ನು ತೂಕ ಹಾಕಿಸುವುದು ನನ್ನದು. ಎಂಬತ್ತರ ದಶಕದ ಮಾತು, ಆಗೆಲ್ಲ ಬಾಯಲ್ಲೇ ಹರಾಜು. ಮೇಲೂರು, ಚಿಂತಾಮಣಿ ಕಡೆಯ ರೈತರು ತಂದು ಸುರಿದ ಗೂಡಿನ ರಾಶಿಯ ಸುತ್ತ, ನೂಲು ತೆಗೆಯುವ ರೀಲರುಗಳು ಮುತ್ತಿಕೊಳ್ಳುತ್ತಿದ್ದರು. ನಡುವೆ ಮುನಿಶಾಮಣ್ಣ ತಲೆಗೆ ಟವಲು ಸುತ್ತಿ ನಿಂತು "ಒಂದನೇ ಸಾರಿ!" ಎಂದು ಕನ್ನಡದಲ್ಲಿ, "ರೆಂಡೋ ಸಾರಿ!" ಎಂದು ತೆಲುಗಿನಲ್ಲಿ, ಕೊನೆಗೆ "ತೀನ್ ಬಾರ್!" ಎಂದು ಉರ್ದುವಿನಲ್ಲಿ ಕೂಗುತ್ತಿದ್ದ. ಯಾಕಣ್ಣ ಹೀಗೆ ಎಂದರೆ, "ಎಲ್ರೂ ನಮ್ಮೋರೇ ಅಲ್ವೇನಪ್ಪ, ಯಾರಿಗೂ ಬೇಜಾರಾಗ್ಬಾರ್ದು" ಎನ್ನುತ್ತಿದ್ದ.

ರೆಂಡೋ ಸಾರಿಗೂ ತೀನ್ ಬಾರಿಗೂ ನಡುವೆ ಒಂದು ಕೆಮ್ಮು. ಗಂಟಲು ಸರಿಮಾಡಿಕೊಳ್ಳುವ ಸಣ್ಣ ಕೆಮ್ಮು, ಅಷ್ಟೆ. ಆದರೆ ಗೂಡಿಗೆ ತಕ್ಕ ಬೆಲೆ ಬರುವ ತನಕ ಅವನು ಕೆಮ್ಮುತ್ತಿರಲಿಲ್ಲ. ಕೆಮ್ಮಿದನೋ, ಬೆಲೆ ಸರಿಹೋಯಿತೆಂದು ರೀಲರುಗಳು ತೆಪ್ಪಗಾಗುತ್ತಿದ್ದರು. ಆಮೇಲೂ ಯಾರಾದರೂ ಹೊಸಬ ಬಾಯಿ ತೆರೆದರೆ, "ತಾಳಿ ಕಟ್ಟಿದ್ಮೇಲೆ ಹೆಣ್ಣು ನೋಡಕ್ಕೆ ಬಂದ್ಯೇನಪ್ಪ? ನಡಿ, ಮುಂದಿನ ರಾಶಿಗೆ ಹೋಗಣ" ಎಂದು ಗದರುತ್ತಿದ್ದ.

ಇಂಥವನಿಗೆ ಉಬ್ಬಸ ಹಿಡಿಯಿತು. ಚಿಕ್ಕಬಳ್ಳಾಪುರದ ಡಾಕ್ಟರು, "ಕೂಗೋದು ಬಿಟ್ಟು ಕೂತು ಮಾಡೋ ಕೆಲಸ ಕೇಳ್ಕೊಳ್ಳಿ. ಇಲ್ದಿದ್ರೆ ಎದೆ ತಡ್ಕೊಳ್ಳಲ್ಲ" ಎಂದರು. ಅವನು ಮಾರುಕಟ್ಟೆ ನೋಡಿಕೊಳ್ಳುವ ಸಾಹೇಬರ ಕೋಣೆಗೆ ಹೋದ. ಒಳಗೆ ಮಾಡಿಕೊಂಡ ವಿನಂತಿಯನ್ನು ನಾನು ಹೊರಗೆ ತೂಕದ ಹತ್ತಿರ ಕೂತೇ ಕೇಳಿದೆ.

"ಸಾರ್, ನನಗೆ ಉಸಿರೇ ಇಲ್ಲ ಸಾರ್! ಏನಾದ್ರೂ ಹಗುರದ ಕೆಲ್ಸ ಕೊಡಿ ಸಾರ್!"

ಇಡೀ ಮಾರುಕಟ್ಟೆ ತಿರುಗಿ ನೋಡಿತು. ಸಾಹೇಬರು ನಕ್ಕು, "ಉಸಿರಿಲ್ಲದೋರು ಹಿಂಗೆ ಕೂಗ್ತಾರೇನ್ರೀ? ಹೋಗಿ, ಹರಾಜಿಗೆ ಹೊತ್ತಾಯ್ತು" ಎಂದು ಕಳಿಸಿದರು.

"ಸ್ವಲ್ಪ ಮೆಲ್ಲಗೆ ಹೇಳ್ಬಾರ್ದಿತ್ತೇನಣ್ಣ?" ಎಂದೆ.

"ಮೆಲ್ಲಗೇ ಹೇಳ್ದೆ ಕಣೋ!" ಎಂದು ಕೂಗಿದ.

ಒಂದು ಬೆಳಿಗ್ಗೆ "ರೆಂಡೋ ಸಾರಿ" ಎಂದವನು ಮುಂದೆ ಹೇಳಲಾರದೆ ಗೂಡಿನ ರಾಶಿಯ ಪಕ್ಕದಲ್ಲೇ ಕುಸಿದು ಕೂತ. ಸಾಹೇಬರೇ ಓಡಿಬಂದು ಗಾಳಿ ಬೀಸಿದರು. ಆಸ್ಪತ್ರೆಯಿಂದ ಬಂದ ಮೇಲೆ ತೂಕದ ಬಳಿ, ನನ್ನ ಪಕ್ಕದಲ್ಲಿ, ಅವನಿಗೊಂದು ಕುರ್ಚಿ ಹಾಕಿಸಿದರು. ಅದಕ್ಕೆ ಮನೆಯಿಂದ ದಿಂಬು ತಂದು ಮದುಮಗನ ಹಾಗೆ ಕೂತ. "ಏನ್ ಸುಖವಪ್ಪ! ಇಷ್ಟು ವರ್ಷ ಇಲ್ಲಿ ಕೂತ್ಕೊಂಡು ಸಂಬ್ಳ ತಗೊಂಡ್ಯಾ ನೀನು?" ಎಂದು ನನ್ನ ಮೇಲೇ ಕಣ್ಣು ಹಾಕಿದ.

ಆದರೆ ಉಬ್ಬಸದ ಕೆಮ್ಮು ಹೇಳಿ ಕೇಳಿ ಬರುವುದೇ? ಅವನ ಜಾಗಕ್ಕೆ ಬಂದ ನಂಜುಂಡ ಒಂದು ರಾಶಿಯನ್ನು ಹರಾಜು ಕೂಗುತ್ತಿದ್ದಾಗ ಇವನು ಕುರ್ಚಿಯಲ್ಲಿ ಕೆಮ್ಮಿದ. ರೀಲರುಗಳೆಲ್ಲ ತಟಕ್ಕನೆ ಬಾಯಿ ಮುಚ್ಚಿದರು. ಬೆಲೆ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. "ಕೂಗ್ರಪ್ಪೋ" ಎಂದು ನಂಜುಂಡ ಅಂಗಲಾಚಿದ. ಹಳೆಯ ರೀಲರು ಗಫಾರ್ ಸಾಬರು ನಮ್ಮ ಕಡೆ ಕೈ ತೋರಿಸಿ, "ಅಣ್ಣ ಕೆಮ್ಮಿದ್ರಲ್ಲಪ್ಪ, ಆಯ್ತಲ್ಲ" ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಗೂಡು ತಂದಿದ್ದ ಮೇಲೂರಿನ ರತ್ನಮ್ಮ ಮಾತ್ರ ನಗಲಿಲ್ಲ. ನೇರ ಅವನ ಮುಂದೆ ಬಂದು, "ನಿದ್ದೆಗೆಟ್ಟು ಹುಳ ಸಾಕಿದ್ದೀನಿ. ಇಷ್ಟೇನಾಣ್ಣ ನನ್ ಗೂಡಿನ ಯೋಗ್ತಿ?" ಎಂದು ಕೇಳಿದಳು. ಆ ರಾಶಿಯನ್ನು ಮೊದಲಿನಿಂದ ಹರಾಜು ಹಾಕಬೇಕಾಯಿತು.

ಅಂದಿನಿಂದ ಕೆಮ್ಮು ಬಂದಾಗಲೆಲ್ಲ ಅವನು ಟವಲನ್ನು ಬಾಯಿಗೆ ಒತ್ತಿಕೊಳ್ಳತೊಡಗಿದ. ಕಣ್ಣು ಕೆಂಪಾಗಿ, ಕತ್ತಿನ ನರ ಉಬ್ಬಿ, ನೋಡಲಾಗುತ್ತಿರಲಿಲ್ಲ. "ಕೆಮ್ಮಿಬಿಡಣ್ಣ" ಎಂದೆ. "ನನ್ ಗಂಟ್ಲು ಸುಳ್ಳು ಹೇಳಕ್ಕೆ ಶುರು ಮಾಡೈತೆ ಕಣೋ" ಎಂದ. ನಾನು ನೀರಿನ ಚೊಂಬನ್ನು ಅವನ ಕೈಗಿಟ್ಟೆ.

ಮತ್ತೆ ಸಾಹೇಬರ ಕೋಣೆಗೆ ಹೋದ, ಹರಾಜಿಗೆ ತನ್ನ ಕೆಮ್ಮು ಕೇಳಿಸದಷ್ಟು ದೂರದಲ್ಲಿ ಕೆಲಸ ಬೇಡಲು. ಈ ಸಾರಿ ಹೊರಗಿದ್ದ ನನಗೆ ಕೇಳಿಸಿದ್ದು ಸಾಹೇಬರ ದನಿ ಮಾತ್ರ: "ಏನಂದ್ರಿ? ಇನ್ನೊಂದ್ಸಲ ಹೇಳಿ, ಕೇಳಿಸ್ಲಿಲ್ಲ."

ಆಮೇಲೆ ಅವನು ದೂರದ ಗೇಟಿನಲ್ಲಿ ಗಾಡಿಗಳಿಗೆ ಚೀಟಿ ಕೊಡುತ್ತ, ಮನಸಾರೆ ಕೆಮ್ಮುತ್ತ ಇದ್ದ. ನಾನು ಮನೆಗೆ ಹೊರಟಾಗ ತಡೆದು ನಿಲ್ಲಿಸಿ, ಮೇಲೂರಿನ ಗೂಡು ಎಷ್ಟಕ್ಕೆ ಹೋಯಿತೆಂದು ಕೇಳುವನು. ಹೇಳಿದರೆ, "ನಾನಾಗಿದ್ರೆ ಇನ್ನೊಂದು ಚೂರು ಕೆಮ್ಮದೆ ತಡೀತಿದ್ದೆ" ಎನ್ನುವನು. ತೊಂಬತ್ತರ ದಶಕ ಶುರುವಾದ ಮೇಲೆ, ಒಂದು ಚಳಿಗಾಲ, ಅದೇ ಉಬ್ಬಸದಲ್ಲಿ ತೀರಿಕೊಂಡ.

ಅವನ ಮಣ್ಣು ಮುಗಿಸಿ ಬಂದ ಮೇಲಿನ ಮೊದಲ ಹರಾಜು. ರತ್ನಮ್ಮನ ಗೂಡು ಬಂದಿತ್ತು, ಬೆಲೆಯೂ ಚೆನ್ನಾಗಿ ಏರಿತ್ತು. ನಂಜುಂಡ ಎಂದಿನಂತೆ ಕನ್ನಡದಲ್ಲೇ "ಎರಡನೇ ಸಾರಿ" ಎಂದ. ಯಾರೂ ಹೆಚ್ಚಿಗೆ ಕೂಗಲಿಲ್ಲ, ಮುಂದಿನ ರಾಶಿಗೆ ಹೋಗಲೂ ಇಲ್ಲ. ಗಫಾರ್ ಸಾಬರು ಗೇಟಿನ ಕಡೆ ತಿರುಗಿ ನಿಂತಿದ್ದರು. ನಂಜುಂಡನೂ ಮೂರನೆಯದನ್ನು ಹೇಳಲಾರದೆ ನಿಂತ. ಕೊನೆಗೆ ರತ್ನಮ್ಮನೇ ಸೆರಗನ್ನು ಬಾಯಿಗೆ ಹಿಡಿದು ಸಣ್ಣಗೆ ಕೆಮ್ಮಿದಳು.

"ತೀನ್ ಬಾರ್" ಎಂದ ನಂಜುಂಡ.