ಲೇತ್ ಶೆಡ್ಡಿನ ಕಣ್ಣು ಡಾಕ್ಟರು

ಲೇತ್ ಶೆಡ್ಡಿನಲ್ಲಿ ಯಾರ ಕಣ್ಣಿಗೆ ಕಬ್ಬಿಣದ ಚೂರು ಹಾರಿದರೂ ಓಡುತ್ತಿದ್ದುದು ಅವನ ಬಳಿಗೇ. ರೆಪ್ಪೆ ಮಗುಚಿ, ಮಡಿಸಿದ ಕಾಗದದ ತುದಿಯಿಂದ ಹೂವೆತ್ತಿದಂತೆ ಎತ್ತಿಬಿಡುತ್ತಿದ್ದ. ಇಪ್ಪತ್ತೆರಡು ವರ್ಷಗಳಿಂದ ಎಲ್ಲರ ಬಾಯಲ್ಲೂ ಅವನು ‘ಡಾಕ್ಟರು’. ಮಾಲೀಕನಿಗೂ ಅದೇ ಅನುಕೂಲ. ರಕ್ಷಣೆಯ ಕನ್ನಡಕಗಳು ಇರಲಿಲ್ಲವೆಂದಲ್ಲ. ಇದ್ದವು, ಕಪಾಟಿನಲ್ಲಿ, ಬೀಗದೊಳಗೆ. ತಪಾಸಣೆಯ ಸಾಹೇಬರು ಬಂದ ದಿನ ಮೂಗೇರಿ, ಅವರು ಬೆನ್ನು ತಿರುಗಿಸಿದ ಕೂಡಲೇ ಒಳಸೇರುತ್ತಿದ್ದವು.

ಸೋಮವಾರ ಉಳಿಯ ಮೇಲೆ ಸುತ್ತಿಗೆ ಬಿದ್ದಾಗ ಚೂರೊಂದು ಅವನ ಬಲಗಣ್ಣಿಗೇ ಸಿಡಿಯಿತು. ಕನ್ನಡಿ ಹಿಡಿದು ಹುಡುಕಿದ, ಏನೂ ಕಾಣಲಿಲ್ಲ. ಬಿದ್ದುಹೋಗಿರಬೇಕೆಂದು ನೀರು ಎರಚಿಕೊಂಡು ಮತ್ತೆ ಕೆಲಸಕ್ಕೆ ನಿಂತ. ಬುಧವಾರ ಕಣ್ಣು ಕೆಂಡವಾಯಿತು, ಎದುರಿನದೆಲ್ಲ ಹೊಗೆಯಾಯಿತು. ಜೊತೆಯಲ್ಲೇ ದುಡಿಯುವ ಭಾವಮೈದ ಆಸ್ಪತ್ರೆಗೆ ಎಳೆದುತಂದ.

ಕಣ್ಣಿನ ವೈದ್ಯೆ ಸ್ಕ್ಯಾನ್ ಮಾಡಿಸಿ ನೋಡಿದರು. ಆಮೇಲೆ ಬಲಗಣ್ಣಿಗೆ ಟಾರ್ಚ್ ಹಿಡಿದು, “ಬೆಳಕು ಯಾವ ಕಡೆಯಿಂದ ಬರ್ತಿದೆ?” ಎಂದರು. ಅವನು ಕೈ ತೋರಿಸಿದ.

“ಇಷ್ಟು ಗೊತ್ತಾಗ್ತಿರೋದೇ ಪುಣ್ಯ. ಒಳಗೆ ಕೀವಾಗಿದೆ. ಕಣ್ಣೊಳಗೆ ಔಷಧಿ ಚುಚ್ಚಿ ಕಾಯಬಹುದು. ಇಲ್ಲಾಂದ್ರೆ ಇವತ್ತೇ ಆಪರೇಷನ್ ಮಾಡಿ, ಕಣ್ಣೊಳಗೆ ಕೆಟ್ಟುಹೋಗಿರೋ ಲೋಳೆಯನ್ನ ತೆಗೆದು ಔಷಧಿ ಬಿಡಬಹುದು. ನನ್ನ ಕೇಳಿದ್ರೆ ಅದೇ ಸರಿ. ಯಾವುದಕ್ಕೂ ಬಗ್ಗದಿದ್ರೆ ಕಣ್ಣನ್ನೇ ತೆಗೀಬೇಕಾಗುತ್ತೆ. ಬೇಗ ನಿರ್ಧಾರ ಮಾಡಿ.”

ಚುಚ್ಚಿಸಿಕೊಂಡು ಕಾಯುವುದೋ, ಕೊಯ್ಯಿಸಿಕೊಳ್ಳುವುದೋ? ಕೊಯ್ದ ಮೇಲೂ ಹೋದರೆ? ಕನ್ನಡಕ ಬೇಕೇನಪ್ಪಾ ಎಂದು ಇಷ್ಟು ವರ್ಷ ಒಬ್ಬನೂ ಕೇಳದ ಮನುಷ್ಯನನ್ನು, ಕಣ್ಣು ಕೊಳೆತ ಮೇಲೆ ನಿನ್ನಿಷ್ಟ ಏನೆಂದು ಕೇಳುವುದು! ಇದ್ಯಾವ ಸೀಮೆಯ ನ್ಯಾಯ?

“ಏನ್ ಭಾವ, ಶೆಡ್ಡಿಗೆಲ್ಲಾ ಡಾಕ್ಟ್ರು ನೀವು, ನಿಮ್ ಕಣ್ಣಿಗೆ ಒಂದ್ ಮಾತು ಹೊರಡ್ತಿಲ್ವಾ?” ಭಾವಮೈದ ನಗಿಸಲು ಹೋದ.

“ಸುಮ್ನಿರೋ. ಮೇಡಂ, ಚೂರು ಒಳಗೇ ಇದ್ಯಾ?”

“ಇದೆ. ಸ್ಕ್ಯಾನ್‌ನಲ್ಲಿ ಕಾಣ್ತಿದೆ. ಆಪರೇಷನ್ ಮಾಡಿದ್ರೆ ಅದನ್ನೂ ತೆಗೀಬಹುದು.”

ಚೂರು ಒಳಗಿರುವವರೆಗೆ ಏನು ಸುರಿದರೂ ದಂಡ. ಅವನಿಗೆ ಖಚಿತವಾಗಿ ಗೊತ್ತಿದ್ದದ್ದು ಅದೊಂದೇ. “ಹಾಗಾದ್ರೆ ಆಪರೇಷನ್ನೇ ಮಾಡಿ. ಆಮೇಲೆ ಕಾಣುತ್ತಾ?”

“ಮಾತು ಕೊಡೋಕಾಗಲ್ಲ.”

ಒಪ್ಪಿಗೆಯ ಕಾಗದದ ಮೇಲೆ ಭಾವಮೈದ ಬೆರಳಿಟ್ಟ ಕಡೆ ಸಹಿ ಹಾಕಿದ. ಗಾಲಿಕುರ್ಚಿ ಹೊರಟಾಗ ಮತ್ತೊಂದು ಯೋಚನೆ ಹತ್ತಿತು. ಚೂರು ಕಾಣಲಿಲ್ಲವೆಂದು ತಾನು ವಾಪಸು ಕಳಿಸಿದವರು ಎಷ್ಟು ಜನ?

“ಲೋ, ಹೋದ ವಾರ ಆ ವೆಲ್ಡಿಂಗ್‌ನವನು ಬಂದಿದ್ನಲ್ಲ? ಏನೂ ಇಲ್ಲ ಹೋಗು ಅಂದಿದ್ದೆ. ಅವನ ಕಣ್ಣು ಹೇಗಿದೆ?”

“ಗೊತ್ತಿಲ್ಲ ಭಾವ. ಎರಡು ದಿನದಿಂದ ಕೆಲಸಕ್ಕೆ ಬಂದಿಲ್ಲ.”

“ಮತ್ತೆ ಇಲ್ಲಿ ಯಾಕೋ ನಿಂತಿದ್ದೀಯಾ? ಓಡು, ಕರ್ಕೊಂಡ್ ಬಾ ಅವನ್ನ!”